ರಕ್ತದ ಮಾದರಿಗೂ ಮದ್ದಿಗೂ ರೇಡಿಯೋ ಗುರುತು

ಕುದೇರಿನಲ್ಲಿ ಚಾಮುಲ್ ಡೈರಿ ಇರುವುದರಿಂದ ಸುತ್ತಲಿನ ಗ್ರಾಮಗಳ ಭಕ್ತರಿಗೆ ‘ಸ್ಯಾಂಪಲ್’ ಎಂಬ ಮಾತು ಹೊಸದಲ್ಲ. ಹಾಲು ಉತ್ಪಾದಕರ ಸಂಘದಲ್ಲಿ ಪ್ರತಿಯೊಬ್ಬರ ಹಾಲನ್ನೂ ಪರೀಕ್ಷಿಸಿ, ಫ್ಯಾಟು, ಡಿಗ್ರಿಗಳನ್ನು ಅವರವರ ಸದಸ್ಯ ಸಂಖ್ಯೆಯ ಎದುರಿಗೇ ಬರೆದುಕೊಳ್ಳುತ್ತಾರೆ. ಸಂಖ್ಯೆ ಅದಲುಬದಲಾದರೆ ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ಮುಂದಿನ ಬಟವಾಡೆಯಲ್ಲಿ ಅದನ್ನು ಸರಿಪಡಿಸಿಕೊಳ್ಳಬಹುದು. ರಕ್ತದ ಸ್ಯಾಂಪಲ್ಲಿನಲ್ಲಿ ಹಾಗಾದರೆ ಸರಿಪಡಿಸಲು ಕಾಲವೇ ಉಳಿಯದಿರಬಹುದು. ‘ಎ’ ಗುಂಪಿನ ರಕ್ತದ ನಳಿಕೆಗೆ ‘ಬಿ’ ಗುಂಪಿನವರ ಹೆಸರು ಅಂಟಿದರೆ, ಯಂತ್ರ ಎಷ್ಟೇ ನಿಖರವಾಗಿ ಪರೀಕ್ಷಿಸಿದರೂ ರೋಗಿಗೆ ಏರುವುದು ಹೊಂದದ ರಕ್ತವೇ. ಪ್ರಯೋಗಾಲಯದ ವರದಿಗಳಲ್ಲಿ ಕಾಣುವ ತಪ್ಪುಗಳಲ್ಲಿ ಬಹುಪಾಲು ಪರೀಕ್ಷೆಗೆ ಮುಂಚೆಯೇ, ಅಂದರೆ ರಕ್ತ ತೆಗೆಯುವಾಗ, ಚೀಟಿ ಅಂಟಿಸುವಾಗ, ಸಾಗಿಸುವಾಗ ಆದಂಥವು ಎಂಬುದನ್ನು ವೈದ್ಯಲೋಕ ಒಪ್ಪಿಕೊಂಡಿದೆ.

ಗ್ರಾಮೀಣ ಆರೋಗ್ಯ ಕೇಂದ್ರದಲ್ಲಿ ಆಗದ ಪರೀಕ್ಷೆಗಳಿಗೆ ಮಾದರಿಯು ಚಾಮರಾಜನಗರಕ್ಕೋ ಮೈಸೂರಿಗೋ ಪ್ರಯಾಣ ಮಾಡಬೇಕು. ದಾರಿಯಲ್ಲಿ ಅದು ಹಲವರ ಕೈ ದಾಟುತ್ತದೆ, ಕೆಲವೊಮ್ಮೆ ಬಿಸಿಲಿನಲ್ಲಿಯೂ ಕಾಯುತ್ತದೆ. ಬೇರ್ಪಡಿಸದ ರಕ್ತವನ್ನು ಹಾಗೆಯೇ ಇಟ್ಟರೆ ಅದರೊಳಗಿನ ಜೀವಕೋಶಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ; ಹೆಚ್ಚು ಹೊತ್ತು ಕಳೆದರೆ ಕೋಶಗಳ ಒಳಗಿನ ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ. ಆಗ ಮಧುಮೇಹಿಯ ಸಕ್ಕರೆ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಆದ್ದರಿಂದ ಮಾದರಿ ಯಾರದು ಎಂಬುದರ ಜೊತೆಗೆ, ಎಷ್ಟು ಹೊತ್ತಿಗೆ ಎಲ್ಲಿತ್ತು ಎಂಬುದೂ ವೈದ್ಯರಿಗೆ ತಿಳಿದಿರಬೇಕು.

ಇದಕ್ಕೆ ಒದಗಿಬಂದ ಸಾಧನಗಳಲ್ಲಿ ಒಂದು ರೇಡಿಯೋ ತರಂಗಾಂತರದ ಗುರುತುಪಟ್ಟಿ. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಮೈಸೂರಿಗೆ ಹೋಗುವಾಗ ಕಡಕೊಳದ ಟೋಲ್‌ನಲ್ಲಿ ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಮಾಡುವ ಕೆಲಸವೂ ಇದೇ. ಅದರೊಳಗೆ ಸಾಸಿವೆಗಿಂತಲೂ ಚಿಕ್ಕದಾದ ಒಂದು ಚಿಪ್ಪು, ಅದಕ್ಕೆ ಸೇರಿದ ತೆಳುವಾದ ಲೋಹದ ಎಳೆ ಇರುತ್ತವೆ. ಬ್ಯಾಟರಿ ಇರುವುದಿಲ್ಲ. ಓದುವ ಯಂತ್ರ ಹೊರಡಿಸುವ ರೇಡಿಯೋ ಅಲೆಯಿಂದಲೇ ಚಿಪ್ಪು ಶಕ್ತಿ ಪಡೆದು, ತನ್ನ ಸಂಖ್ಯೆಯನ್ನು ಮರಳಿ ತಿಳಿಸುತ್ತದೆ. ಹೀಗೆ ಪ್ರತಿಫಲಿಸಿದ ಅಲೆಯಿಂದಲೇ ಸಂದೇಶ ಕಳುಹಿಸಬಹುದೆಂದು ಹ್ಯಾರಿ ಸ್ಟಾಕ್‌ಮನ್ ಎಂಬವರು 1948ರಲ್ಲಿಯೇ ವಿವರಿಸಿದ್ದರು. ಹಸುವಿನ ಕಿವಿಯಲ್ಲಿರುವ 12 ಅಂಕಿಯ ಹಳದಿ ಓಲೆಯನ್ನು ಒಂದೊಂದಾಗಿ ಕಣ್ಣಿಟ್ಟು ಓದಬೇಕು. ಇದನ್ನಾದರೋ ಪೆಟ್ಟಿಗೆ ಮುಚ್ಚಿರುವಂತೆಯೇ, ಹತ್ತಾರನ್ನು ಒಮ್ಮೆಗೇ ಓದಬಹುದು. 2013ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ರಕ್ತದ ಚೀಲಗಳನ್ನು ಈ ಬಗೆಯಲ್ಲಿ ಗುರುತಿಸುವ ಒಂದು ವ್ಯವಸ್ಥೆಗೆ ಒಪ್ಪಿಗೆ ನೀಡಿತು.

ಆದರೆ ಇದಕ್ಕೂ ಮಿತಿಗಳಿವೆ. ನೀರು ಈ ಅಲೆಗಳನ್ನು ಹೀರುತ್ತದೆ, ಲೋಹ ತಡೆಯುತ್ತದೆ. ರಕ್ತ ಬಹುತೇಕ ನೀರೇ; ಮಾತ್ರೆಯ ಪಟ್ಟಿಗೆ ಅಲ್ಯೂಮಿನಿಯಂ ಹಾಳೆಯ ಹೊದಿಕೆ. ವೆಚ್ಚವೂ ಕಾಗದದ ಬಾರ್‌ಕೋಡಿಗಿಂತ ಬಹಳ ಹೆಚ್ಚು. ರಕ್ತನಿಧಿಯ ಚೀಲ, ಬೆಲೆಬಾಳುವ ಔಷಧಗಳಿಗೆ ಇದು ಸಲ್ಲುತ್ತದೆ. ಹಳ್ಳಿಯ ಪ್ರತಿಯೊಂದು ನಳಿಕೆಗೂ ಸದ್ಯಕ್ಕೆ ಬಾರ್‌ಕೋಡೇ ಸಾಕೆಂಬುದು ನಮ್ಮ ಅಭಿಪ್ರಾಯ. ಲಸಿಕೆಗಳ ವಿಷಯದಲ್ಲಿ ನಮ್ಮ ದೇಶ 2015ರಿಂದ ಬೇರೊಂದು ದಾರಿ ಹಿಡಿದಿದೆ. ಇ-ವಿನ್ ಎಂಬ ಆ ವ್ಯವಸ್ಥೆಯಲ್ಲಿ ಲಸಿಕೆಯ ದಾಸ್ತಾನನ್ನು ಮೊಬೈಲಿನಲ್ಲಿ ದಾಖಲಿಸುತ್ತಾರೆ. ಶೀತಕ ಪೆಟ್ಟಿಗೆಯೊಳಗಿನ ಉಪಕರಣವು ಉಷ್ಣತೆ 2ರಿಂದ 8 ಡಿಗ್ರಿಯ ಒಳಗಿದೆಯೇ ಎಂದು ಸಿಮ್ ಮೂಲಕ ತಿಳಿಸುತ್ತಿರುತ್ತದೆ.

ಇನ್ನೊಂದು ಸಂಗತಿಯನ್ನು ನಮ್ಮ ಜಿಲ್ಲೆಯವರು ವಿಶೇಷವಾಗಿ ಗಮನಿಸಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರೇ ಮೊದಲಾದ ಬುಡಕಟ್ಟು ಜನರಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆಯುಂಟು. 2023ರ ಜುಲೈ 1ರಂದು ಇದರ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನ ಆರಂಭವಾಯಿತು. ಪೋಡಿನಲ್ಲಿ ಒಂದೇ ದಿನ ಹಲವರ ರಕ್ತ ತೆಗೆಯುವಾಗ, ಒಂದೇ ಹೆಸರಿನವರು ಇಬ್ಬರಿದ್ದರೂ ಸಾಕು, ಗೊಂದಲಕ್ಕೆ ಎಡೆಯಾಗುತ್ತದೆ. ತಪ್ಪು ಫಲಿತಾಂಶದಿಂದ ರೋಗಿಗೆ ಚಿಕಿತ್ಸೆ ತಪ್ಪುತ್ತದೆ, ಆರೋಗ್ಯವಂತರ ವಿವಾಹ ಸಂಬಂಧವೂ ಕೆಡಬಹುದು. ರೇಡಿಯೋ ಗುರುತನ್ನು ಒಡೆಯನಿಗೆ ಅರಿವಾಗದಂತೆ ದೂರದಿಂದಲೇ ಓದಲು ಸಾಧ್ಯವಾದ್ದರಿಂದ, ಅದರಲ್ಲಿ ಬರಿಯ ಸಂಖ್ಯೆಯಿರಬೇಕೇ ಹೊರತು ಹೆಸರು, ಕಾಯಿಲೆಗಳನ್ನು ಬರೆದಿಡಬಾರದು.

ಯಾವ ಗುರುತೇ ಆಗಲಿ, ಮೊದಲು ಅಂಟಿಸುವವರ ಕಾಯಕ ನಿಷ್ಠೆಯಷ್ಟೇ ಅದರ ಬಲ. ರಕ್ತ ಕೊಡುವಾಗ ಸಿಬ್ಬಂದಿಯವರು ಹೆಸರು ಕೇಳಿದರೆ ತಾಳ್ಮೆಯಿಂದ ಪೂರ್ತಿ ಹೇಳಿ. ನಿಮ್ಮ ಎದುರಿಗೇ ನಳಿಕೆಯ ಮೇಲೆ ಚೀಟಿ ಬೀಳಲಿ. ಅದರಲ್ಲಿನ ಹೆಸರು, ವಯಸ್ಸುಗಳನ್ನು ಓದಿನೋಡುವುದು ಅವಿಶ್ವಾಸವಲ್ಲ.

ಔಷಧಗಳ ಮಟ್ಟಿಗೆ ಮನೆಯಲ್ಲೇ ಪರೀಕ್ಷಿಸುವ ಅನುಕೂಲ ಈಗ ದೊರೆತಿದೆ. 2023ರ ಆಗಸ್ಟ್ 1ರಿಂದ ತಯಾರಾಗುವ, ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ. ಕ್ಯಾಲ್ಪಾಲ್, ಥೈರೋನಾರ್ಮ್, ಆಗ್ಮೆಂಟಿನ್ ಮೊದಲಾದವು ಆ ಪಟ್ಟಿಯಲ್ಲಿವೆ. ಮೊಬೈಲಿನಿಂದ ಕೋಡನ್ನು ಓದಿಸಿದರೆ ಔಷಧದ ಹೆಸರು, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ತೋರಬೇಕು. ಅವು ಪೊಟ್ಟಣದ ಮೇಲೆ ಅಚ್ಚಾದ ವಿವರಕ್ಕೆ ತಾಳೆಯಾಗದಿದ್ದರೆ ಆ ಔಷಧವನ್ನು ಸೇವಿಸದೆ, ಬಿಲ್ಲಿನೊಡನೆ ಅಂಗಡಿಯವರಿಗೆ ತೋರಿಸಿ, ಔಷಧ ನಿಯಂತ್ರಣ ಅಧಿಕಾರಿಗಳ ಗಮನಕ್ಕೂ ತರಬೇಕು. ಪಟ್ಟಿಯ ಹೊರಗಿನ ಔಷಧಗಳೇ ಹೆಚ್ಚಾದ್ದರಿಂದ, ಕೋಡ್ ಇಲ್ಲವೆಂಬ ಒಂದೇ ಕಾರಣಕ್ಕೆ ಮದ್ದನ್ನು ನಕಲಿಯೆಂದು ಎಸೆಯಬಾರದು.