ನಿಮಗಿದು ಗೊತ್ತೇ? ಕೇರಿಯ ಕೋಣೆಗಳಿಂದ ಹೊರಟ ಅಚ್ಚರಿಗಳು!

ಸಂಜೆಯಾದರೆ ಎರಡು ಕಂಬಕ್ಕೆ ಬಲೆ ಕಟ್ಟಿ ವಾಲಿಬಾಲ್ ಆಡುತ್ತಾರಲ್ಲ, ಆ ಆಟ ಹುಟ್ಟಿದ್ದು ಎಲ್ಲಿ ಗೊತ್ತೇ? ಅಮೆರಿಕದ ಹೋಲಿಯೋಕ್ ಎಂಬ ಕಾರ್ಖಾನೆಗಳ ಊರಿನಲ್ಲಿ, ವೈಎಂಸಿಎ ಸಂಸ್ಥೆಯ ವ್ಯಾಯಾಮಶಾಲೆಯಲ್ಲಿ! 1895ರಲ್ಲಿ ವಿಲಿಯಂ ಮಾರ್ಗನ್ ಎಂಬ ಮೇಷ್ಟ್ರು ಇದನ್ನು ಕಟ್ಟಿದರು. ಕಾರಣ ಕೇಳಿ. ಬ್ಯಾಸ್ಕೆಟ್‌ಬಾಲ್ ಆಡಿ ಆಡಿ ನಡುವಯಸ್ಸಿನವರು ಸುಸ್ತಾಗುತ್ತಿದ್ದರಂತೆ!

ಆ ಬ್ಯಾಸ್ಕೆಟ್‌ಬಾಲ್ ಕೂಡ ವೈಎಂಸಿಎ ಕೂಸೇ! 1891ರ ಡಿಸೆಂಬರ್. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹೊರಗೆ ಕೊರೆಯುವ ಚಳಿ, ಒಳಗೆ ಕವಾಯತು ಮಾಡಿ ಬೇಸತ್ತ ಯುವಕರು. ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಎರಡು ಬುಟ್ಟಿ ತರಿಸಿದರು. ಹತ್ತು ಅಡಿ ಎತ್ತರದಲ್ಲಿ ಮೊಳೆ ಹೊಡೆಸಿದರು. ಬುಟ್ಟಿಗೆ ತಳ ಇತ್ತು! ಗೋಲಾದಾಗಲೆಲ್ಲ ಯಾರಾದರೂ ಮೇಲೆ ಹತ್ತಿ ಚೆಂಡು ತೆಗೆಯಬೇಕಿತ್ತು. ಮೊದಲ ಆಟದ ಸ್ಕೋರು 1–0. ಒಂದೇ ಒಂದು!

ಇಷ್ಟಕ್ಕೆಲ್ಲ ಬೀಜ ಬಿತ್ತಿದ್ದು ಬಟ್ಟೆ ಅಂಗಡಿಯ ಒಬ್ಬ ನೌಕರ. ಜಾರ್ಜ್ ವಿಲಿಯಮ್ಸ್. ಹಳ್ಳಿಯಿಂದ ಲಂಡನ್ನಿಗೆ ದುಡಿಯಲು ಬಂದ ಹುಡುಗರಿಗೆ ಕೆಲಸ ಮುಗಿದ ಮೇಲೆ ಸೇರಲು ಒಳ್ಳೆಯ ಜಾಗವೇ ಇರಲಿಲ್ಲ. 1844ರಲ್ಲಿ ಗೆಳೆಯರನ್ನು ಕೂಡಿಸಿಕೊಂಡು ವೈಎಂಸಿಎ ಶುರುಮಾಡಿದಾಗ ಅವರ ವಯಸ್ಸು ಬರೀ 22!

ತಂದೆಯರ ದಿನವೂ ಇದೇ ಮನೆಯ ಕೊಡುಗೆ ಅಂದರೆ ನಂಬುತ್ತೀರಾ? 1910ರ ಜೂನ್ 19ರಂದು ಅಮೆರಿಕದ ಸ್ಪೋಕೇನ್ ನಗರದಲ್ಲಿ ಅದು ನಡೆಯಿತು. ಆರು ಮಕ್ಕಳನ್ನು ಒಂಟಿಯಾಗಿ ಬೆಳೆಸಿದ ಅಪ್ಪನಿಗೆ ಗೌರವ ಸಲ್ಲಿಸಲು ಸೊನೊರಾ ಡಾಡ್ ಎಂಬ ಮಗಳು ಹಟ ಹಿಡಿದಳು. ಕೈಜೋಡಿಸಿದ್ದು ಊರಿನ ವೈಎಂಸಿಎ!

ಈಗ ಲಂಡನ್ನಿನ ವೈಟ್‌ಚಾಪೆಲ್‌ಗೆ ಬನ್ನಿ. ಕಡುಬಡವರ ಕೇರಿ. 1884ರಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಬಾರ್ನೆಟ್ ಮತ್ತು ಅವರ ಪತ್ನಿ ಹೆನ್ರಿಯೆಟಾ ಇಲ್ಲಿ ಟಾಯ್ನ್‌ಬಿ ಹಾಲ್ ತೆರೆದರು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಲ್ಲಿ ಓದಿದ ಶ್ರೀಮಂತರ ಮಕ್ಕಳು ಬಡವರ ನಡುವೆಯೇ ಬಂದು ವಾಸಮಾಡಬೇಕು, ಅದೇ ಷರತ್ತು! ಹಗಲು ತಮ್ಮ ಕೆಲಸ, ಸಂಜೆ ಕೇರಿಯವರಿಗೆ ಪಾಠ, ಕಾನೂನು ಸಲಹೆ, ಕ್ಲಬ್ಬು, ಉಪನ್ಯಾಸ.

ಆ ಉಪನ್ಯಾಸಗಳಲ್ಲೊಂದು ಲೋಕವನ್ನೇ ಬದಲಿಸಿತು! 1896ರ ಡಿಸೆಂಬರ್‌ನಲ್ಲಿ ಇಲ್ಲಿಗೆ ಬಂದ ಇಟಲಿಯ ಯುವಕನೊಬ್ಬ ಪೆಟ್ಟಿಗೆ ಹಿಡಿದುಕೊಂಡು ಸಭೆಯ ತುಂಬ ಓಡಾಡಿದ. ಎಲ್ಲಿ ಹೋದರೂ ಪೆಟ್ಟಿಗೆಯ ಗಂಟೆ ಟ್ರಿಣ್ ಎನ್ನುತ್ತಿತ್ತು. ತಂತಿಯೇ ಇಲ್ಲ! ಆತ ಮಾರ್ಕೋನಿ. ರೇಡಿಯೊದ ಮಹಾಮಾಯೆಯನ್ನು ಮೊದಲಿಗೆ ಕಂಡವರಲ್ಲಿ ಈ ಬಡಕೇರಿಯ ಸಭಾಂಗಣಕ್ಕೆ ಬಂದ ಜನರೂ ಇದ್ದರು!

ಇನ್ನೂ ಇದೆ. ಇದೇ ಟಾಯ್ನ್‌ಬಿ ಹಾಲ್‌ನಲ್ಲಿ ಕೆಲಕಾಲ ಕಾರ್ಯದರ್ಶಿಯಾಗಿದ್ದ ಒಬ್ಬ ತರುಣ ವಕೀಲರು ಅದಕ್ಕೂ ಮೊದಲು ಹತ್ತಿರದ ಸ್ಟೆಪ್ನಿಯಲ್ಲಿ ಬಡ ಹುಡುಗರ ಕ್ಲಬ್ಬು ನೋಡಿಕೊಳ್ಳುತ್ತಿದ್ದರು. ಹುಡುಗರ ಮನೆಗಳ ಬಡತನ ಕಂಡು ಅವರ ರಾಜಕೀಯ ನಂಬಿಕೆಯೇ ತಲೆಕೆಳಗಾಯಿತು. ಆ ವಕೀಲರ ಹೆಸರು ಕ್ಲೆಮೆಂಟ್ ಆಟ್ಲಿ. ಹೌದು, 1947ರಲ್ಲಿ ನಮಗೆ ಸ್ವಾತಂತ್ರ್ಯ ಬಂದಾಗ ಬ್ರಿಟನ್ನಿನ ಪ್ರಧಾನಿಯಾಗಿದ್ದ ಅದೇ ಆಟ್ಲಿ!

ಟಾಯ್ನ್‌ಬಿ ಹಾಲ್ ನೋಡಿ ಮರುಳಾದ ಅಮೆರಿಕದ ಜೇನ್ ಆಡಮ್ಸ್ ಊರಿಗೆ ಮರಳಿ ಗೆಳತಿ ಎಲೆನ್ ಸ್ಟಾರ್ ಜೊತೆ 1889ರಲ್ಲಿ ಷಿಕಾಗೊದಲ್ಲಿ ಹಲ್ ಹೌಸ್ ತೆರೆದರು. ಒಂದು ಹಳೆಯ ಮನೆ 13 ಕಟ್ಟಡಗಳ ಸಮುಚ್ಚಯವಾಯಿತು! ಶಿಶುವಿಹಾರ, ಸ್ನಾನಗೃಹ, ಗ್ರಂಥಾಲಯ, ಅಡುಗೆಮನೆ, ರಂಗಮಂದಿರ, ಸಂಗೀತಶಾಲೆ, ದುಡಿಯುವ ಹೆಣ್ಣುಮಕ್ಕಳಿಗೆ ವಸತಿ. ವಲಸೆ ಬಂದ ಕುಟುಂಬಕ್ಕೆ ಏನು ಬೇಕೋ ಎಲ್ಲ ಅಲ್ಲಿತ್ತು!

ಕೇರಿಯಲ್ಲಿ ಕಸ ಕೊಳೆಯುತ್ತಿತ್ತು, ಮಕ್ಕಳು ಕಾಯಿಲೆ ಬೀಳುತ್ತಿದ್ದರು. ಜೇನ್ ಆಡಮ್ಸ್ ಏನು ಮಾಡಿದರು ಗೊತ್ತೇ? 1895ರಲ್ಲಿ ತಾವೇ ವಾರ್ಡಿನ ಕಸ ತಪಾಸಣಾಧಿಕಾರಿಯಾದರು! ಬೆಳಗಿನ ಜಾವ ಎದ್ದು ಕಸದ ಗಾಡಿಗಳ ಹಿಂದೆ ಓಡಾಡಿದರು. ಇದೇ ಮಹಿಳೆಗೆ 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ! ಆ ಪ್ರಶಸ್ತಿ ಪಡೆದ ಮೊದಲ ಅಮೆರಿಕನ್ ಮಹಿಳೆ. ಈ ಅಂಕಣಕ್ಕೆ ಹುಡುಕಿದ್ದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಜಾಜ್ ಲೋಕದ ದೊರೆ ಬೆನ್ನಿ ಗುಡ್‌ಮನ್ ಹುಡುಗನಾಗಿದ್ದಾಗ ನುಡಿಸಿದ್ದು ಹಲ್ ಹೌಸ್‌ನ ಬಾಲಕರ ವಾದ್ಯತಂಡದಲ್ಲಿ! ವಲಸಿಗ ಮಕ್ಕಳಿಗೆ ಭಾಷೆಯ ಹಂಗಿಲ್ಲದೆ ಆಡಲು ಅಲ್ಲಿ ಕಲಿಸುತ್ತಿದ್ದ ಆಟಗಳನ್ನು ಕಲಿತ ವಯೊಲಾ ಸ್ಪೋಲಿನ್, ಮುಂದೆ ಅವನ್ನೇ ರಂಗಭೂಮಿಗೆ ತಂದರು. ಇಂದು ನಾಟಕ ಶಿಬಿರಗಳಲ್ಲಿ ಮಕ್ಕಳು ಆಡುವ ಎಷ್ಟೋ ರಂಗ ಆಟಗಳ ತವರು ಇದು!

ಮಕ್ಕಳಿಗೆ ಆಡಲು ಒಂದು ರಾಶಿ ಮರಳು ಸಾಕು! ಬರ್ಲಿನ್ನಿನ ಉದ್ಯಾನಗಳಲ್ಲಿ ಮಕ್ಕಳಿಗಾಗಿ ಸುರಿದ ಮರಳನ್ನು ಕಂಡ ವೈದ್ಯೆಯೊಬ್ಬರು ಬಾಸ್ಟನ್ನಿಗೆ ಪತ್ರ ಬರೆದರು. 1885ರಲ್ಲಿ ಅಲ್ಲೂ ಮರಳು ಬಿತ್ತು. ಅಮೆರಿಕದ ನಗರಗಳ ಮಕ್ಕಳ ಆಟದ ಮೈದಾನಗಳ ಚಳವಳಿಗೆ ಅದೇ ನಾಂದಿ!

ಒಂದು ಸೈಕಲ್ ಕಳವಾಗದಿದ್ದರೆ ಮುಹಮ್ಮದ್ ಅಲಿ ಇರುತ್ತಿರಲಿಲ್ಲವೇನೋ! 1954, ಲೂಯಿವಿಲ್ ನಗರ. 12 ವರ್ಷದ ಹುಡುಗನ ಹೊಸ ಸೈಕಲ್ಲು ಮಾಯ. ಅಳುತ್ತಾ ಪೊಲೀಸರನ್ನು ಹುಡುಕಿದ. ಹತ್ತಿರದ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಜೋ ಮಾರ್ಟಿನ್ ಎಂಬ ಪೊಲೀಸರು ಬಿಡುವಿನಲ್ಲಿ ಊರ ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡುತ್ತಿದ್ದರು. ಕಳ್ಳನಿಗೆ ಹೊಡೆದೇ ಹೊಡೆಯುತ್ತೇನೆ ಅಂದ ಹುಡುಗನಿಗೆ, ಮೊದಲು ಹೊಡೆಯುವುದನ್ನು ಕಲಿ ಅಂದರು. ಕಲಿತ! ಆರೇ ವರ್ಷದಲ್ಲಿ ರೋಮ್ ಒಲಿಂಪಿಕ್ಸ್‌ನ ಚಿನ್ನ!

1975ರಲ್ಲಿ ವೆನೆಜುವೆಲಾದ ಹೊಸೆ ಆಂಟೋನಿಯೊ ಅಬ್ರೆಯು ಕಾರು ನಿಲ್ಲಿಸುವ ಜಾಗದಲ್ಲಿ 11 ಮಕ್ಕಳಿಗೆ ವಾದ್ಯವೃಂದ ಕಲಿಸತೊಡಗಿದರು. ಅದು ಎಲ್ ಸಿಸ್ಟೆಮಾ ಆಗಿ ಬೆಳೆದು ಲಕ್ಷಗಟ್ಟಲೆ ಮಕ್ಕಳ ಕೈಗೆ ಪಿಟೀಲು, ಕೊಳಲು ಕೊಟ್ಟಿತು! ಅಲ್ಲಿ ಕಲಿತ ಗುಸ್ತಾವೊ ದುದಾಮೆಲ್ 2009ರಲ್ಲಿ ಲಾಸ್ ಏಂಜಲೀಸ್‌ನ ಮಹಾ ವಾದ್ಯವೃಂದಕ್ಕೆ ಸಂಗೀತ ನಿರ್ದೇಶಕರಾದರು.

ಅದೇ ಲಾಸ್ ಏಂಜಲೀಸ್‌ನಲ್ಲಿ ಒಂದು ಬೇಕರಿಯಿದೆ. ನಿನ್ನೆಯವರೆಗೆ ಪರಸ್ಪರ ಗುಂಡು ಹಾರಿಸುತ್ತಿದ್ದ ಗ್ಯಾಂಗುಗಳ ಹುಡುಗರು ಅಲ್ಲಿ ಅಕ್ಕಪಕ್ಕ ನಿಂತು ಬ್ರೆಡ್ಡಿನ ಹಿಟ್ಟು ನಾದುತ್ತಾರೆ! ಪಾದ್ರಿ ಗ್ರೆಗ್ ಬಾಯ್ಲ್ ಕಟ್ಟಿದ ಹೋಮ್‌ಬಾಯ್ ಇಂಡಸ್ಟ್ರೀಸ್ ಅದು. ಮುಖದ ಮೇಲೆ ಗ್ಯಾಂಗಿನ ಹಚ್ಚೆ ಇದ್ದರೆ ಯಾರು ಕೆಲಸ ಕೊಡುತ್ತಾರೆ? ಅದಕ್ಕೇ ಅಲ್ಲಿ ಹಚ್ಚೆಯನ್ನೂ ಬಿಟ್ಟಿಯಾಗಿ ಅಳಿಸಿಕೊಡುತ್ತಾರೆ!

ಬಡಾವಣೆಗೆ ಎಸ್ಕಲೇಟರ್ ಹಾಕಿಸಿದ ಊರಿದೆ! ಕೊಲಂಬಿಯಾದ ಮೆಡೆಯಿನ್ ನಗರದಲ್ಲಿ ಗುಡ್ಡದ ಮೇಲಿನ ಬಡವರ ಮನೆಗಳಿಗೆ 28 ಮಹಡಿಯಷ್ಟು ಎತ್ತರ ಹತ್ತಬೇಕಿತ್ತು. ಚೀಲ ಹೊತ್ತು, ಕೂಸು ಹೊತ್ತು! 2011ರಿಂದ ಮೆಟ್ಟಿಲುಗಳೇ ಅವರನ್ನು ಹೊತ್ತೊಯ್ಯುತ್ತವೆ.

ಅದೇ ದೇಶದ ಬೊಗೊಟಾದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ 120 ಕಿಲೋಮೀಟರಿಗೂ ಹೆಚ್ಚು ಉದ್ದದ ರಸ್ತೆ ಜನರ ಪಾಲು! ಕಾರುಗಳಿಗೆ ಜಾಗವಿಲ್ಲ. ಸೈಕಲ್ಲು, ಸ್ಕೇಟಿಂಗು, ಕೂಸಿನ ಗಾಡಿ. 1974ರಲ್ಲಿ ಶುರುವಾದದ್ದು ಇನ್ನೂ ನಿಂತಿಲ್ಲ. ನಮ್ಮ ಕಬ್ಬನ್ ಪಾರ್ಕಿನ ಒಳರಸ್ತೆಗಳಲ್ಲಿ ಭಾನುವಾರ ಮಕ್ಕಳು ಸೈಕಲ್ ಹೊಡೆಯುವ ಖುಷಿ ಕಂಡಿದ್ದೀರಲ್ಲ? ಅದನ್ನೇ ಇಡೀ ನಗರಕ್ಕೆ ಹಬ್ಬಿಸಿ ನೋಡಿ!

ನಾಗಪುರದಲ್ಲಿ ಮಳೆ ಸುರಿಯುತ್ತಿತ್ತು. ಕೊಳೆಗೇರಿಯ ಹುಡುಗರು ಒಡೆದ ಬಕೆಟ್ಟನ್ನೇ ಒದ್ದು ಆಡುತ್ತಿದ್ದರು. ನೋಡಿದ ಕ್ರೀಡಾ ಮೇಷ್ಟ್ರು ವಿಜಯ್ ಬರ್ಸೆ ಚೆಂಡು ಕೊಟ್ಟರು. 2001ರಲ್ಲಿ ಸ್ಲಂ ಸಾಕರ್ ಹುಟ್ಟಿತು! 2022ರ ‘ಝುಂಡ್’ ಚಿತ್ರದಲ್ಲಿ ಅಮಿತಾಭ್ ಬಚ್ಚನ್ ಮಾಡಿದ್ದು ಇವರಿಂದಲೇ ಪ್ರೇರಿತವಾದ ಪಾತ್ರ.

ಕಟ್ಟಡ ಮುಗಿದರೆ ಊರು ಬಿಡುವ ಶಿಶುವಿಹಾರ ಗೊತ್ತೇ? 1969ರಲ್ಲಿ ದೆಹಲಿಯಲ್ಲಿ ಗಾರೆ ಕೆಲಸದ ತಾಯಂದಿರ ಕೂಸುಗಳು ಧೂಳಿನಲ್ಲಿ ಮಲಗಿದ್ದನ್ನು ಮೀರಾ ಮಹಾದೇವನ್ ನೋಡಿದರು. ಅಲ್ಲೇ ಒಂದು ಡೇರೆ ಹಾಕಿದರು! ಅದೇ ಮೊಬೈಲ್ ಕ್ರೆಶಸ್. ಕೂಲಿಯವರು ಎಲ್ಲಿ ಹೋದರೆ ಅಲ್ಲಿಗೆ ಅದೂ ಹೊರಡುತ್ತದೆ.

ಬೆಂಗಳೂರಿನ ಚಾಮರಾಜಪೇಟೆಯ ಮಕ್ಕಳ ಕೂಟದ ಮುಂದೆ ಎಷ್ಟು ಸಲ ಬಸ್ಸಿನಲ್ಲಿ ಹೋಗಿದ್ದೀರಿ? ಅದನ್ನು ‘ಸರಸ್ವತಿ’ ಪತ್ರಿಕೆಯ ಸಂಪಾದಕಿ ಆರ್. ಕಲ್ಯಾಣಮ್ಮ ಕಟ್ಟಿದ್ದು 1938ರಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬರುವ ಒಂಬತ್ತು ವರ್ಷ ಮೊದಲೇ ನಮ್ಮ ಮಕ್ಕಳಿಗೆ ಒಂದು ಕೂಟ!

ಇದನ್ನಂತೂ ಓದಲೇಬೇಕು. ಮುಂಬೈಯ ಜೆರೂ ಬಿಲಿಮೋರಿಯಾ ಬೀದಿ ಮಕ್ಕಳಿಗೆ ತಮ್ಮ ಫೋನ್ ನಂಬರನ್ನೇ ಕೊಟ್ಟುಬಿಟ್ಟಿದ್ದರು. ಸರಿರಾತ್ರಿಯಲ್ಲೂ ಕರೆಗಳು! ಒಬ್ಬರ ಫೋನು ಎಷ್ಟು ಮಕ್ಕಳಿಗೆ ಸಾಕಾದೀತು? 1996ರಲ್ಲಿ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಆಸರೆಯಲ್ಲಿ ಮಕ್ಕಳ ಸಹಾಯವಾಣಿ ಶುರುವಾಯಿತು. ನಂಬರು 1098. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಸರಿ, ಕಾಸು ಬೇಡ. ಬಸ್ ನಿಲ್ದಾಣದಲ್ಲಿ ದಿಕ್ಕು ತಪ್ಪಿ ನಿಂತ ಮಗು ಕಂಡರೆ ನೀವೂ ಕರೆ ಮಾಡಬಹುದು. ನಾಲ್ಕೇ ಅಂಕಿ. ಇವತ್ತೇ ನಿಮ್ಮ ಮನೆಯ ಮಕ್ಕಳಿಗೂ ಬಾಯಿಪಾಠ ಮಾಡಿಸಿ!