ಮನೆಯಲ್ಲಿ ಸೀಸದ ಎರಕ

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಅಮೆರಿಕದಿಂದ ಊರಿಗೆ ಬಂದಿದ್ದ. ನಮಸ್ಕಾರ ಮಾಡಿ, ಕಾಫಿ ಕುಡಿದು, ಫೋನಿನಲ್ಲಿ ಕೆಲವು ಚಿತ್ರಗಳನ್ನು ತೋರಿಸಿದ. ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿಟ್ಟ, ಬೆಳ್ಳಿಯಂತೆ ಹೊಳೆಯುವ ಸಣ್ಣ ಸಣ್ಣ ವಸ್ತುಗಳು.

“ಏನಪ್ಪ ಇದು, ಮಣಿ ಸರವೇ?” ಎಂದೆ.

“ಅಲ್ಲ ಮೇಷ್ಟ್ರೇ, ಕೋವಿಯ ಗುಂಡು. ಸೀಸ ಕರಗಿಸಿ ನಾನೇ ಎರಕ ಹೊಯ್ದದ್ದು. ಅಲ್ಲಿ ಇದು ಅನೇಕರ ಹವ್ಯಾಸ” ಎಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಶುರು ಮಾಡುವಾಗ ಯಾರಾದರೂ ಸರಿಯಾಗಿ ಹೇಳಿಕೊಟ್ಟಿದ್ದರೆ ಚೆನ್ನಾಗಿತ್ತು” ಎಂದು ಮಾತು ನಿಲ್ಲಿಸಿದ. ಹಾಗೇಕೆ ಹೇಳಿದನೆಂಬುದನ್ನು ಮುಂದೆ ತಿಳಿಸುತ್ತೇನೆ. ನಮ್ಮ ನಿಮ್ಮ ಮನೆಯ ಮಕ್ಕಳು ಎಷ್ಟೋ ಮಂದಿ ಇಂದು ಆ ದೇಶದಲ್ಲಿ ಇದ್ದಾರೆ. ಅವರಲ್ಲಿ ಯಾರಿಗಾದರೂ ಈ ಹವ್ಯಾಸ ಹಿಡಿಯಬಹುದು. ಅದು ಹೋಗಲಿ, ಸೀಸವೆಂಬ ಲೋಹ ನಮ್ಮ ಮನೆಗಳಲ್ಲಿಯೂ ಉಂಟು. ಆದುದರಿಂದ ಈ ವಿಷಯವನ್ನು ನಾಲ್ಕು ಮಾತಿನಲ್ಲಿ ನಿಮ್ಮ ಮುಂದಿಡುತ್ತೇನೆ.

ಮೊದಲೇ ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಇದು ಹವ್ಯಾಸವಾಗತಕ್ಕ ಕೆಲಸವಲ್ಲ. ೧೯೫೯ರ ಆಯುಧ ಕಾಯಿದೆಯಲ್ಲಿ ಮದ್ದುಗುಂಡು ಎಂಬ ಮಾತಿನ ಅರ್ಥದೊಳಗೆ ಅದರ ಬಿಡಿಭಾಗಗಳೂ, ಅದನ್ನು ತಯಾರಿಸುವ ಸಲಕರಣೆಗಳೂ ಸೇರುತ್ತವೆ. ಪರವಾನಗಿಯಿಲ್ಲದೆ ಅವನ್ನು ತಯಾರಿಸುವುದು ಅಪರಾಧ. ಕೊಡಗಿನವರಿಗೆ ಕೋವಿಯ ವಿಷಯದಲ್ಲಿ ಬಹುಕಾಲದಿಂದ ವಿನಾಯಿತಿ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ೨೦೧೯ರಲ್ಲಿ ಕೇಂದ್ರ ಸರ್ಕಾರ ಅದನ್ನು ೨೦೨೯ರವರೆಗೆ ಮುಂದುವರಿಸಿದೆ. ಆದರೆ ಅದು ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ೧೮೫೭ರಲ್ಲಿ ಆಯುಧ ಒಪ್ಪಿಸಬೇಕೆಂಬ ಆಜ್ಞೆಗೆ ಹಲಗಲಿಯ ಬೇಡರು ತಿರುಗಿಬಿದ್ದ ಲಾವಣಿಯನ್ನು ವರ್ಷವರ್ಷವೂ ಪಾಠ ಹೇಳಿದವನು ನಾನು. ಆಯುಧದ ಕಾನೂನು ಈ ನಾಡಿನಲ್ಲಿ ಎಷ್ಟು ಹಳೆಯ ಸಂಗತಿಯೆಂಬುದನ್ನು ಬಲ್ಲೆ. ಅಮೆರಿಕದಲ್ಲಿ ಮಾತ್ರ ತನ್ನ ಸ್ವಂತ ಉಪಯೋಗಕ್ಕೆ ಗುಂಡು ಎರಕ ಹೊಯ್ದುಕೊಳ್ಳುವವನಿಗೆ ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ, ಮಾರುವವನಿಗೆ ಬೇಕು. ಮುಂದೆ ನಾನು ಹೇಳುವುದೆಲ್ಲ ಆ ದೇಶದ ಮಾತು.

ಈ ಕೆಲಸ ಹೊಸದೇನೂ ಅಲ್ಲ. ಕಾರ್ಖಾನೆಯ ತೋಟಾಗಳು ಬರುವ ಮುನ್ನ ಬೇಟೆಗಾರನೂ ಸಿಪಾಯಿಯೂ ಒಲೆಯ ಮುಂದೆ ಕುಳಿತು ತಮ್ಮ ಗುಂಡನ್ನು ತಾವೇ ಎರೆದುಕೊಳ್ಳುತ್ತಿದ್ದರು. ಕೋವಿಯ ಜೊತೆಗೇ ಅದಕ್ಕೆ ಒಪ್ಪುವ ಅಚ್ಚನ್ನೂ ಕೊಡುವ ವಾಡಿಕೆಯಿತ್ತು. ಹಕ್ಕಿಯ ಬೇಟೆಗೆ ಬೇಕಾದ ಸಣ್ಣ ಚರೆಗಳಿಗೆ ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ವಿಲಿಯಂ ವಾಟ್ಸ್ ಎಂಬ ಕೊಳಾಯಿ ಕೆಲಸದವನು ೧೭೮೨ರಲ್ಲಿ ಬೇರೊಂದು ಉಪಾಯ ಕಂಡುಹಿಡಿದ. ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ನೀರಿನ ತೊಟ್ಟಿಗೆ ಬೀಳಿಸಿದರೆ, ಬೀಳುವಾಗಲೇ ಹನಿಗಳು ದುಂಡಗಾಗಿ ಗಟ್ಟಿಯಾಗುತ್ತವೆ. ಮಳೆಯ ಹನಿಯನ್ನು ದುಂಡಗೆ ಮಾಡುವ ನಿಯಮವೇ ಇಲ್ಲಿಯೂ ಕೆಲಸ ಮಾಡುತ್ತದೆ. ಇಂದಿನ ಹವ್ಯಾಸಿಗಳು ಎರಕಕ್ಕೆ ಕೈಹಾಕುವುದು ಎರಡು ಕಾರಣಗಳಿಗಾಗಿ: ಖರ್ಚು ಕಡಿಮೆ, ತನ್ನ ಕೋವಿಯ ನಳಿಗೆಯ ಅಳತೆಗೆ ಸರಿಯಾಗಿ ಕೂರುವ ಗುಂಡು ಸಿಗುತ್ತದೆ. ಹತ್ತು ಗ್ರಾಂ ತೂಕದ ಗುಂಡಾದರೆ ಒಂದು ಕಿಲೋ ಲೋಹದಿಂದ ನೂರು ಗುಂಡು.

ಇನ್ನು ಲೋಹದ ವಿಚಾರ. ಸೀಸ ೩೨೭ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ. ಮನೆಯ ಒಲೆಗೂ ಎಟುಕುವ ಶಾಖ ಅದು. ಆದರೆ ಬರಿಯ ಸೀಸ ಉಗುರಿನಿಂದ ಗೀರಿದರೆ ಗೆರೆ ಬೀಳುವಷ್ಟು ಮೆತ್ತಗೆ. ವೇಗವಾಗಿ ಹೋಗುವ ಗುಂಡಿಗೆ ಅದನ್ನು ಬಳಸಿದರೆ ನಳಿಗೆಯ ಒಳಗೆಲ್ಲ ಸೀಸ ಮೆತ್ತಿಕೊಳ್ಳುತ್ತದೆ. ಆದುದರಿಂದ ಅದಕ್ಕೆ ಎರಡು ಲೋಹಗಳನ್ನು ಬೆರೆಸುತ್ತಾರೆ. ಆಂಟಿಮನಿ ಗಡಸುತನವನ್ನು ಕೊಡುತ್ತದೆ. ತವರ ದ್ರವವನ್ನು ಸಲೀಸಾಗಿ ಹರಿಯುವಂತೆ ಮಾಡಿ ಅಚ್ಚಿನ ಮೂಲೆಮೂಲೆಯನ್ನೂ ತುಂಬಿಸುತ್ತದೆ. ಅದು ನೂರಕ್ಕೆ ಎರಡು ಪಾಲು ಇದ್ದರೂ ಸಾಕು.

ಈ ಮೂರು ಲೋಹಗಳ ಮೇಳ ನನಗೆ ಬಾಲ್ಯದಿಂದಲೂ ಪರಿಚಿತ. ನಮ್ಮೂರಿನ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವರ ಪಕ್ಕದಲ್ಲಿ ನಿಂತು ಅಕ್ಷರಗಳನ್ನು ತಲೆಕೆಳಗಾಗಿ ಓದುವುದನ್ನು ಕಲಿತವನು ನಾನು. ಅಚ್ಚಿನ ಮೊಳೆಗಳೂ ಸೀಸ, ಆಂಟಿಮನಿ, ತವರಗಳವೇ. ೧೮೮೬ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಕೆಲಸಕ್ಕೆ ನಿಂತ ಲೈನೋಟೈಪ್ ಯಂತ್ರಕ್ಕೆ ಬಳಸುತ್ತಿದ್ದ ಲೋಹದಲ್ಲಿ ನೂರಕ್ಕೆ ೮೪ ಪಾಲು ಸೀಸ, ೧೨ ಪಾಲು ಆಂಟಿಮನಿ, ೪ ಪಾಲು ತವರ. ಬರಿಯ ಸೀಸಕ್ಕಿಂತ ಬೇಗನೆ, ಸುಮಾರು ೨೪೦ ಡಿಗ್ರಿಯಲ್ಲಿಯೇ, ಸೀಸದ ಈ ಮಿಶ್ರಣ ಕರಗುತ್ತದೆ. ಮುದ್ರಣಾಲಯಗಳು ಮೊಳೆಗಳನ್ನು ಕೈಬಿಟ್ಟಾಗ ಆ ಲೋಹ ಅಲ್ಲಿಯ ಹವ್ಯಾಸಿಗಳ ಪಾತ್ರೆಗೆ ಹೋಯಿತು. ಅಕ್ಷರವಾಗಿದ್ದುದು ಗುಂಡಾಯಿತಲ್ಲ ಎಂದು ನನ್ನಂಥವನಿಗೆ ಸ್ವಲ್ಪ ಸಂಕಟವಾಗುತ್ತದೆ. ಮೋಟಾರಿನ ಚಕ್ರಗಳಿಗೆ ಹಾಕುವ ತೂಕದ ತುಂಡುಗಳೂ ಅವರಿಗೆ ಮೆಚ್ಚು. ಆದರೆ ಇವುಗಳಲ್ಲಿ ಈಗ ಸತುವಿನವೂ ಕಬ್ಬಿಣದವೂ ಬರುತ್ತವೆ. ಸತು ಬೆರೆತರೆ ಎರಕ ಕೆಡುತ್ತದೆ. ಸತು ಕರಗುವುದು ೪೧೯ ಡಿಗ್ರಿಯಲ್ಲಿ. ಶಾಖವನ್ನು ಅದಕ್ಕಿಂತ ಕೆಳಗೆ ಇಟ್ಟುಕೊಂಡರೆ ಸತುವಿನ ತುಂಡುಗಳು ಕರಗದೆ ತೇಲುತ್ತವೆ, ತೆಗೆದುಹಾಕಬಹುದು. ಹಳೆಯ ಬ್ಯಾಟರಿಯ ಸೀಸವನ್ನು ಮಾತ್ರ ಯಾರೂ ಮುಟ್ಟಬಾರದು. ಅದರಲ್ಲಿ ಆಮ್ಲವಿದೆ, ಅದರ ಕಿಟ್ಟದಿಂದ ಪ್ರಾಣಾಂತಿಕವಾದ ವಿಷವಾಯು ಹುಟ್ಟಬಹುದು.

ಕೆಲಸದ ಕ್ರಮ ಹೀಗೆ. ಎರಕದ ಕಬ್ಬಿಣದ ಅಥವಾ ಉಕ್ಕಿನ ಪಾತ್ರೆ ಬೇಕು. ಅಲ್ಯೂಮಿನಿಯಂ ಪಾತ್ರೆ ಆ ಶಾಖಕ್ಕೆ ಸಡಿಲವಾಗಿ ಕುಸಿಯಬಹುದು, ಬೇಡ. ಲೋಹ ಕರಗಿದ ಮೇಲೆ ಚೂರು ಮೇಣವನ್ನೋ ಒಣಗಿದ ಮರದ ಹೊಟ್ಟನ್ನೋ ಹಾಕಿ ಕಲಕುತ್ತಾರೆ. ಕೆನೆಗಟ್ಟಿದ ತವರ ಮತ್ತೆ ಲೋಹವಾಗಿ ಒಳಗೆ ಸೇರುತ್ತದೆ. ಉಳಿದ ಕಿಟ್ಟ ಮೇಲೆ ತೇಲುತ್ತದೆ. ಅದನ್ನು ಸೌಟಿನಿಂದ ತೆಗೆದು ಮುಚ್ಚಳವಿರುವ ಡಬ್ಬಿಗೆ ಹಾಕಬೇಕು. ಅಚ್ಚು ಎರಡು ಹೋಳಿನದು. ಮೇಲೆ ಲೋಹ ಹೊಯ್ಯಲು ತೂತುಳ್ಳ ಒಂದು ಹಲಗೆ. ಅಚ್ಚು ತಣ್ಣಗಿದ್ದರೆ ಗುಂಡು ಸುಕ್ಕುಸುಕ್ಕಾಗಿ ಬರುತ್ತದೆ. ಮೊದಲ ಹತ್ತಿಪ್ಪತ್ತು ಹೀಗೆಯೇ ಬಂದರೆ ಹೊಸಬನು ಎದೆಗುಂದಬೇಕಾಗಿಲ್ಲ, ಮತ್ತೆ ಪಾತ್ರೆಗೆ ಹಾಕಿದರಾಯಿತು. ಮೈಮೇಲೆ ಮಂಜು ಹಿಡಿದಂತೆ ಮಂಕಾಗಿ ಬಂದರೆ ಶಾಖ ಹೆಚ್ಚಾಯಿತೆಂದು ಅರ್ಥ. ಸೌಟಿನಿಂದ ಹೊಯ್ದು, ಒಂದೆರಡು ಉಸಿರು ತಡೆದು, ಮೇಲಿನ ಹಲಗೆಯನ್ನು ತಿರುಗಿಸಿ ಬಾಲವನ್ನು ಕತ್ತರಿಸಿ, ಅಚ್ಚನ್ನು ಬಿಡಿಸಿ, ಗುಂಡನ್ನು ಮೆತ್ತನೆಯ ಬಟ್ಟೆಯ ಮೇಲೆ ಬೀಳಿಸಬೇಕು. ಆರಿದ ಮೇಲೆ ಒಂದೊಂದನ್ನೂ ನೋಡಿ, ತೂಗಿ, ಒಳಗೆ ಗಾಳಿಗುಳ್ಳೆಯಿರುವ ಹಗುರವಾದವನ್ನು ಬೇರ್ಪಡಿಸಿ, ಅಳತೆಯ ಅಚ್ಚಿನಲ್ಲಿ ನೂಕಿ, ಜೇನುಮೇಣ ಬೆರೆತ ಲೇಪವನ್ನು ಹಚ್ಚಿದರೆ ಕೆಲಸ ಮುಗಿಯಿತು.

ಇದರಲ್ಲಿ ಅಪಾಯ ಎರಡು. ಒಂದು ಕಣ್ಣಿಗೆ ಕಾಣುವುದು, ಇನ್ನೊಂದು ಕಾಣದಿರುವುದು.

ಕಾಣುವುದು ಬೆಂಕಿ ಮತ್ತು ನೀರು. ಕರಗಿದ ಸೀಸದ ಒಳಗೆ ಒಂದೇ ಒಂದು ಹನಿ ನೀರು ಸಿಕ್ಕಿಕೊಂಡರೆ ಅದು ಕ್ಷಣಮಾತ್ರದಲ್ಲಿ ಆವಿಯಾಗುತ್ತದೆ. ನೀರು ಆವಿಯಾದರೆ ಅದರ ಗಾತ್ರ ಸುಮಾರು ಸಾವಿರದ ಏಳುನೂರು ಪಟ್ಟು. ಪಾತ್ರೆಯ ಲೋಹವೆಲ್ಲ ಮುಖದ ಮೇಲೆ ಸಿಡಿಯುತ್ತದೆ. ಹಸಿಯಾದ ಲೋಹದ ತುಂಡು, ಒದ್ದೆ ಸೌಟು, ಹಣೆಯ ಬೆವರು, ಮಳೆಯ ಹನಿ, ಯಾವುದಾದರೂ ಸಾಕು. ಆದುದರಿಂದ ಕನ್ನಡಕ, ಮುಖದ ಕವಚ, ದಪ್ಪ ಕೈಚೀಲ, ಉದ್ದ ತೋಳಿನ ಹತ್ತಿಯ ಅಂಗಿ, ಮುಚ್ಚಿದ ಪಾದರಕ್ಷೆ, ಇವಿಲ್ಲದೆ ಪಾತ್ರೆಯ ಹತ್ತಿರ ಹೋಗಕೂಡದು. ಈ ಅಪಾಯಕ್ಕೆ ಎಲ್ಲರೂ ಹೆದರುತ್ತಾರೆ. ಬೆಂಕಿ ತಾನೇ ಪಾಠ ಹೇಳುತ್ತದೆ.

ಕಾಣದಿರುವುದು ಧೂಳು. ಎರಕದ ಶಾಖದಲ್ಲಿ ಸೀಸದಿಂದ ಏಳುವ ಆವಿ ಅಲ್ಪ. ಅದು ಕುದಿಯುವುದು ೧೭೪೯ ಡಿಗ್ರಿಯಲ್ಲಿ. ನಿಜವಾದ ಶತ್ರು ಮೇಲೆ ತೇಲುವ ಕಿಟ್ಟದ ನುಣುಪಾದ ಪುಡಿ. ಅದು ಕೈಗೆ, ಅಂಗಿಗೆ, ಕೆರಕ್ಕೆ ಅಂಟುತ್ತದೆ. ಅಲ್ಲಿಂದ ಬಾಯಿಗೆ ಹೋಗುತ್ತದೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ನಮ್ಮ ಹಿರಿಯರು ಹೇಳಿದರು. ಸೀಸದ ಕೆಲಸದಲ್ಲಿ ಮಾತ್ರ ಕೈ ಕೆಸರಾದರೆ ಬಾಯಿಗೆ ವಿಷ.

ನನ್ನ ಶಿಷ್ಯನಿಗೆ ಆದದ್ದು ಇದೇ. ಅವನು ಮನೆಗೆ ಹೊಂದಿಕೊಂಡ ಮೋಟಾರು ಕೊಟ್ಟಿಗೆಯಲ್ಲಿ ಎರಕ ಹೊಯ್ಯುತ್ತಿದ್ದ. ಕಿಟಕಿ ತೆರೆಯುತ್ತಿದ್ದ, ಕನ್ನಡಕ ಹಾಕುತ್ತಿದ್ದ, ಒಂದು ಸಲವೂ ಕೈ ಸುಟ್ಟುಕೊಂಡವನಲ್ಲ. ಕೆಲಸ ಮುಗಿದ ಮೇಲೆ ಪೊರಕೆಯಿಂದ ನೆಲ ಗುಡಿಸಿ, ಅದೇ ಕೆರ ಮೆಟ್ಟಿಕೊಂಡು ಒಳಗೆ ಬರುತ್ತಿದ್ದ. ಅಂಬೆಗಾಲಿಟ್ಟು ಆಗತಾನೆ ನಡೆಯಲು ಕಲಿತ ಮಗಳು ಓಡಿಬಂದರೆ ಎತ್ತಿಕೊಳ್ಳುತ್ತಿದ್ದ. ಆ ದೇಶದಲ್ಲಿ ಸಣ್ಣ ಮಕ್ಕಳ ರಕ್ತದಲ್ಲಿ ಸೀಸವಿದೆಯೇ ಎಂದು ಪರೀಕ್ಷಿಸುವ ಪದ್ಧತಿಯಿದೆ. ಮಗುವಿಗೆ ಎರಡು ವರ್ಷವಾದಾಗ ಪರೀಕ್ಷೆ ಮಾಡಿದರೆ, ರಕ್ತದ ಪ್ರತಿ ಡೆಸಿಲೀಟರಿಗೆ ಒಂಬತ್ತು ಮೈಕ್ರೋಗ್ರಾಂ ಸೀಸ. ಅಲ್ಲಿನ ರೋಗನಿಯಂತ್ರಣ ಕೇಂದ್ರ ೨೦೨೧ರಿಂದ ಇಟ್ಟುಕೊಂಡಿರುವ ಎಚ್ಚರಿಕೆಯ ಗೆರೆ ೩.೫. ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಮನೆಯಲ್ಲಿ ನೀವು ಏನು ಕೆಲಸ ಮಾಡುತ್ತೀರಿ?” ಎಂಬುದಂತೆ. “ಆಗ ನನಗೆ ನೆಲವೇ ಬಾಯಿಬಿಟ್ಟಂತಾಯಿತು ಮೇಷ್ಟ್ರೇ” ಎಂದ.

ಮಕ್ಕಳಿಗೆ ಈ ವಿಷ ಏಕೆ ಹೆಚ್ಚು ಎಂದು ಕೇಳುವಿರಾ? ನುಂಗಿದ ಸೀಸದಲ್ಲಿ ದೊಡ್ಡವರ ಮೈ ಹೀರಿಕೊಳ್ಳುವುದು ಸುಮಾರು ಹತ್ತನೆಯ ಒಂದು ಪಾಲು; ಸಣ್ಣ ಮಕ್ಕಳ ಮೈ ಹೆಚ್ಚುಕಡಿಮೆ ಅರ್ಧವನ್ನೇ ಹೀರುತ್ತದೆ. ಸೀಸವು ಸುಣ್ಣಾಂಶದ ವೇಷ ಹಾಕಿಕೊಂಡು ಮೂಳೆಯೊಳಗೆ ಸೇರಿ, ಹತ್ತಾರು ವರ್ಷ ಅಲ್ಲಿಯೇ ಕೂರುತ್ತದೆ. ಬೆಳೆಯುತ್ತಿರುವ ಮೆದುಳಿಗೆ ಅದು ಮಾಡುವ ಹಾನಿ ತಿರುಗಿ ಸರಿಹೋಗುವುದಿಲ್ಲ. ಕಲಿಯುವ ಶಕ್ತಿ, ಗಮನವಿಡುವ ಶಕ್ತಿ ಕುಂದುತ್ತವೆ. ಇದಕ್ಕಿಂತ ಕಡಿಮೆಯಿದ್ದರೆ ಭಯವಿಲ್ಲ ಎನ್ನಬಹುದಾದ ಪ್ರಮಾಣವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂವತ್ತು ವರ್ಷ ತರಗತಿಯಲ್ಲಿ ನಿಂತವನಿಗೆ ಇದು ಬರಿಯ ವೈದ್ಯಶಾಸ್ತ್ರದ ಮಾತಾಗಿ ಕೇಳಿಸುವುದಿಲ್ಲ.

ಆದುದರಿಂದ ಈ ಹವ್ಯಾಸಕ್ಕೆ ಕೈಹಾಕುವವನು ಮೊದಲು ಕೊಳ್ಳಬೇಕಾದುದು ಅಚ್ಚನ್ನಲ್ಲ. ಮೊದಲು ಗೊತ್ತುಮಾಡಿಕೊಳ್ಳಬೇಕಾದುದು ಕೈತೊಳೆಯುವ ಜಾಗವನ್ನು. ವಾಸದ ಮನೆಯಿಂದ ದೂರ, ಗಾಳಿಯಾಡುವ ಕಡೆ, ಮಳೆ ತಾಗದ ಸೂರಿನಡಿ ಕೆಲಸ. ಅಡಿಗೆಮನೆಯ ಪಾತ್ರೆಗೂ ಒಲೆಗೂ ಸೀಸ ಸೋಕಬಾರದು. ಅಲ್ಲಿ ಕುಳಿತು ತಿಂಡಿ, ಕಾಫಿ, ಎಲೆಅಡಿಕೆ, ಹೊಗೆಬತ್ತಿ ಯಾವುದೂ ಇಲ್ಲ. ಕೆಲಸದ ಅಂಗಿಯೂ ಕೆರವೂ ಅಲ್ಲಿಯೇ ಉಳಿಯಬೇಕು. ಅಂಗಿಯನ್ನು ಬೇರೆಯಾಗಿ ಒಗೆಯಬೇಕು. ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಬಾಗಿಲಿನ ಹಿಡಿ ಮುಟ್ಟುವ ಮುನ್ನ ಸೋಪು ಹಚ್ಚಿ ಕೈಯನ್ನೂ ಮುಖವನ್ನೂ ತೊಳೆಯಬೇಕು. ಮಕ್ಕಳನ್ನೂ ಗರ್ಭಿಣಿಯರನ್ನೂ ಹತ್ತಿರ ಬಿಡಕೂಡದು. ವರ್ಷಕ್ಕೊಮ್ಮೆ ರಕ್ತಪರೀಕ್ಷೆ. ಇಷ್ಟು ನಡೆಸಲು ಆಗದಿದ್ದರೆ ಅಂಗಡಿಯಲ್ಲಿ ಕೊಳ್ಳುವುದೇ ಮೇಲು.

ಇನ್ನು ನಮ್ಮ ಮನೆಯ ಕಡೆಗೆ ತಿರುಗೋಣ. ೨೦೨೦ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು ಪ್ರಕಟಿಸಿದ ವರದಿಯ ಪ್ರಕಾರ, ಪ್ರಪಂಚದ ಮೂರು ಮಕ್ಕಳಲ್ಲಿ ಒಂದರ ರಕ್ತದಲ್ಲಿ ಡೆಸಿಲೀಟರಿಗೆ ಐದು ಮೈಕ್ರೋಗ್ರಾಮೋ ಅದಕ್ಕಿಂತ ಹೆಚ್ಚೋ ಸೀಸವಿತ್ತು. ಭಾರತದಲ್ಲಿ ಅಂಥ ಮಕ್ಕಳ ಸಂಖ್ಯೆ ಇಪ್ಪತ್ತೇಳು ಕೋಟಿಗೂ ಮಿಕ್ಕಿದ್ದು. ಇವರ ತಂದೆಯರೇನೂ ಗುಂಡು ಎರೆದವರಲ್ಲ. ಹಿತ್ತಲಿನಲ್ಲಿ, ಗಲ್ಲಿಯಲ್ಲಿ ಹಳೆಯ ಬ್ಯಾಟರಿಯನ್ನು ಒಡೆದು ಸೀಸ ಕರಗಿಸುವ ಕಸುಬು ಇದಕ್ಕೆ ಒಂದು ದೊಡ್ಡ ಕಾರಣ. ದೀಪ ಹೋದಾಗ ನಿಮ್ಮ ಮನೆಯಲ್ಲಿ ಬೆಳಕು ಕೊಡುವ ಇನ್ವರ್ಟರಿನ ಬ್ಯಾಟರಿಯಲ್ಲಿಯೂ ಕಿಲೋಗಟ್ಟಲೆ ಸೀಸವಿದೆ. ಅದು ಹಳತಾದಾಗ ಹತ್ತು ರೂಪಾಯಿ ಹೆಚ್ಚು ಕೊಡುವನೆಂದು ಬೀದಿಯ ಗುಜರಿಯವನಿಗೆ ಹಾಕಬೇಡಿ. ಮಾರಿದ ಅಂಗಡಿಗೇ ಹಿಂತಿರುಗಿಸಿ. ೨೦೦೧ರ ನಿಯಮಗಳೂ, ಅವುಗಳ ಬದಲು ಬಂದ ೨೦೨೨ರ ನಿಯಮಗಳೂ ಹಳೆಯ ಬ್ಯಾಟರಿ ಅಧಿಕೃತ ದಾರಿಯಲ್ಲಿಯೇ ಹಿಂತಿರುಗಬೇಕೆನ್ನುತ್ತವೆ. ಹತ್ತು ರೂಪಾಯಿಯ ಆಸೆಗೆ ನಾವು ಕಳಿಸಿದ ಬ್ಯಾಟರಿ ಯಾವುದೋ ಮಗುವಿನ ಅಂಗಳದಲ್ಲಿ ಒಡೆಯುತ್ತದೆ.

ಶಿಷ್ಯನ ಮನೆಯ ಸುದ್ದಿ ಹೇಳಿ ಮುಗಿಸುತ್ತೇನೆ. ಅವನು ಕೊಟ್ಟಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ಶುಚಿ ಮಾಡಿದ; ಪಾತ್ರೆ, ಅಚ್ಚುಗಳನ್ನು ಹಿತ್ತಲಿನ ಆಚೆ ಮೂಲೆಯ ಸೂರಿಗೆ ಸಾಗಿಸಿ ವರ್ಷವಿಡೀ ಮುಟ್ಟದೆ ಇಟ್ಟ. ಹಾಲು, ಸೊಪ್ಪು, ಕಬ್ಬಿಣಾಂಶದ ಆಹಾರವನ್ನು ಮಗುವಿಗೆ ಕೊಡಬೇಕೆಂದು ವೈದ್ಯರು ಹೇಳಿದರಂತೆ. ಅಜ್ಜಿ ಇಲ್ಲಿಂದ ರಾಗಿ ಹಿಟ್ಟು ಕಳಿಸಿದರು. ಮಗುವಿನ ರಕ್ತದ ಲೆಕ್ಕ ಮೂರಕ್ಕೆ ಇಳಿದಿದೆ. ಅವನು ಮತ್ತೆ ಎರಕ ಹೊಯ್ಯುತ್ತಾನೆ. ಆದರೆ ಮನೆಯ ಬಾಗಿಲಿಗೆ ಬರುವ ಮುನ್ನ ಕೆರ ಬಿಟ್ಟು, ಅಂಗಿ ಬದಲಿಸಿ, ಕೈ ತೊಳೆಯುತ್ತಾನೆ. ಮಗಳು ಬಾಗಿಲಿನಲ್ಲಿ ನಿಂತು, “ಅಪ್ಪ, ಕೈ ತೋರಿಸು” ಎನ್ನುತ್ತಾಳಂತೆ.