ಹಿರಿಯರ ಫೋನು ಮೂಕವಾಗದಿರಲಿ

ಮಾತು ಬೆಳ್ಳಿ, ಮೌನ ಬಂಗಾರ ಎಂಬುದು ಗಾದೆ. ಆದರೆ ಊರಿನಲ್ಲಿ ಒಂಟಿಯಾಗಿರುವ ತಾಯಿಯ ಫೋನು ಮೌನ ತಾಳಿದಾಗ, ಬೆಂಗಳೂರಿನಲ್ಲಿರುವ ಮಗನಿಗೆ ಅದು ಬಂಗಾರವೆನಿಸುವುದಿಲ್ಲ. ನೂರು ಕೆಡುಕುಗಳನ್ನು ಕಲ್ಪಿಸಿಕೊಂಡು ಆತ ನೆರೆಮನೆಯವರನ್ನು ವಿಚಾರಿಸುತ್ತಾನೆ. ತಾಯಿ ಆರೋಗ್ಯವಾಗಿಯೇ ಇರುತ್ತಾರೆ. ರೀಚಾರ್ಜಿನ ಅವಧಿ ಮಾತ್ರ ಮುಗಿದಿರುತ್ತದೆ!

ಕರೆ ಮಾಡದೆ, ಬಂದ ಕರೆಯನ್ನಷ್ಟೆ ಕೇಳುವವರಿಗೇಕೆ ಖರ್ಚು ಎಂದು ಹಿರಿಯರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. 1995ರಲ್ಲಿ ಮೊಬೈಲು ನಮ್ಮ ದೇಶಕ್ಕೆ ಬಂದಾಗ ಒಳಬರುವ ಕರೆಗೂ ಹಣ ತೆರಬೇಕಾಗಿತ್ತು. 2003ರಲ್ಲಿ ಆ ಭಾರ ಇಳಿಯಿತು. ಆದರೆ 2018ರ ಕೊನೆಯಿಂದ, ಸಂಪರ್ಕವನ್ನು ಉಳಿಸಿಕೊಳ್ಳಲು ಆಗಾಗ ಇಂತಿಷ್ಟು ರೀಚಾರ್ಜು ಮಾಡಿಸಲೇಬೇಕೆಂಬ ಕಟ್ಟಳೆಯನ್ನು ಖಾಸಗಿ ಕಂಪನಿಗಳು ತಂದವು. ಅದರ ಮೇಲೆ, ಹೆಚ್ಚಿನ ಯೋಜನೆಗಳಲ್ಲಿ ಮಾತಿನ ಜೊತೆಗೆ ಡೇಟಾವನ್ನೂ ಕಟ್ಟಿಯೇ ಮಾರುತ್ತಾರೆ. ಗಂಜಿ ಸಾಕೆನ್ನುವವರ ಮುಂದೆ ಮದುವೆಯೂಟದ ಎಲೆ ಹಾಸಿ ಹಣ ಕೇಳಿದಂತೆ!

ಇದಕ್ಕೊಂದು ಪರಿಹಾರ ದೊರೆತಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, 2024ರ ಡಿಸೆಂಬರಿನಲ್ಲಿ ನಿಯಮವನ್ನು ತಿದ್ದಿ, ಪ್ರತಿಯೊಂದು ಕಂಪನಿಯೂ ಕರೆ ಮತ್ತು ಎಸ್ಸೆಮ್ಮೆಸ್ಸಿಗಷ್ಟೇ ಮೀಸಲಾದ ಒಂದು ಯೋಜನೆಯನ್ನಾದರೂ ಇಡಬೇಕೆಂದು ವಿಧಿಸಿತು. ವಿಶೇಷ ರೀಚಾರ್ಜುಗಳ ಅವಧಿಗಿದ್ದ 90 ದಿನಗಳ ಮಿತಿಯನ್ನು 365 ದಿನಗಳಿಗೆ ಏರಿಸಿತು. ಉದಾಹರಣೆಗೆ, 2025ರ ಜನವರಿಯಲ್ಲಿ ಏರ್‌ಟೆಲ್ ಸಂಸ್ಥೆ ಇಂಥ ಯೋಜನೆಗೆ 84 ದಿನಗಳಿಗೆ 469 ರೂಪಾಯಿ, 365 ದಿನಗಳಿಗೆ 1849 ರೂಪಾಯಿ ಗೊತ್ತುಪಡಿಸಿತ್ತು. ಎರಡನೆಯದು ದಿನಕ್ಕೆ ಸುಮಾರು 5 ರೂಪಾಯಿಯಾಯಿತು. ದರಗಳು ಬದಲಾಗುತ್ತಿರುತ್ತವೆ, ಆದುದರಿಂದ ಹಣ ಕಟ್ಟುವ ದಿನ ಅಂಗಡಿಯವನನ್ನು, ‘ಡೇಟಾ ಇಲ್ಲದ್ದು, ಬರೀ ಮಾತಿನದು’ ಎಂದು ಬಿಡಿಸಿ ಕೇಳುವುದು ಒಳ್ಳೆಯದು.

ಅವಧಿಯ ಲೆಕ್ಕವನ್ನೂ ಮರೆಯಬಾರದು. 28 ದಿನಗಳ ಯೋಜನೆಯನ್ನು ನಾವು ತಿಂಗಳಿನದೆಂದು ತಿಳಿಯುತ್ತೇವೆ. ಆದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಬಾರಿ ಹಣ ಕಟ್ಟಬೇಕಾಗುತ್ತದೆ. ಹದಿಮೂರು ಸಲ ನೆನಪಿಡುವುದೆಂದರೆ, ಹದಿಮೂರು ಸಲ ಮರೆಯುವ ಅವಕಾಶ. ವರ್ಷದ ಯೋಜನೆಗೆ ಒಮ್ಮೆಲೇ ಹಣ ಹೊಂದಿಸಬೇಕಾದರೂ, ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಮಕ್ಕಳು ಅದನ್ನು ಕಟ್ಟಿಬಿಟ್ಟರೆ ಹಿರಿಯರಿಗೆ ನಿಶ್ಚಿಂತೆ.

ಯೋಜನೆಯನ್ನು ಆರಿಸುವ ಮೊದಲು ಎರಡು ಸಂಗತಿಗಳನ್ನು ವಿಚಾರಿಸಬೇಕು. ಹಿರಿಯರು ಮಲಗುವ ಕೋಣೆಯಲ್ಲಿ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ? ಅದು ಸಿಗದಿದ್ದರೆ ಅಗ್ಗದ ದರದಿಂದ ಪ್ರಯೋಜನವಿಲ್ಲ. ಅವರ ಕೈಯಲ್ಲಿರುವ ಫೋನು ಯಾವುದು? ಜಿಯೋ ಜಾಲದಲ್ಲಿ 2ಜಿ ಇಲ್ಲವಾದ್ದರಿಂದ ಹಳೆಯ 2ಜಿ ಕೀಪ್ಯಾಡ್ ಫೋನಿನಲ್ಲಿ ಆ ಸಿಮ್ ನಡೆಯದು. ಕಂಪನಿಯನ್ನು ಬದಲಿಸಬೇಕಾದರೂ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. 2011ರಿಂದ ದೇಶದಾದ್ಯಂತ ಆ ಸೌಲಭ್ಯವಿದೆ. ಮೊಮ್ಮಗುವಿನ ಮುಖವನ್ನು ಫೋನಿನಲ್ಲಿ ನೋಡುವ ಅಜ್ಜಿಗೆ, ಮನೆಯಲ್ಲಿ ವೈಫೈ ಇಲ್ಲದಿದ್ದರೆ, ಡೇಟಾ ಬೇಕೇ ಬೇಕು. ಅಲ್ಲಿ ಕೈ ಹಿಡಿಯುವುದು ಮಿತವ್ಯಯವಲ್ಲ, ಜಿಪುಣತನ.

ಉಳಿತಾಯಕ್ಕೆಂದು ರೀಚಾರ್ಜನ್ನೇ ನಿಲ್ಲಿಸಿ ಸುಮ್ಮನಿರುವುದಂತೂ ಅಪಾಯಕರ. ಬಹುಕಾಲ ಬಳಸದ ಸಂಖ್ಯೆಯನ್ನು ಕಂಪನಿ ರದ್ದುಗೊಳಿಸಿ, ಮುಂದೆ ಬೇರೆಯವರಿಗೆ ಕೊಡಬಹುದು. ಪಿಂಚಣಿಯ ಬ್ಯಾಂಕು ಖಾತೆ, ಆಧಾರ್, ಗ್ಯಾಸಿನ ಬುಕಿಂಗ್ ಇವೆಲ್ಲವೂ ಆ ಒಂದೇ ಸಂಖ್ಯೆಗೆ ಜೋಡಿಸಿಕೊಂಡಿರುತ್ತವೆ. ಬ್ಯಾಂಕಿನ ಓಟಿಪಿ ಪರರ ಫೋನಿಗೆ ಹೋದರೆ ಆಗುವ ನಷ್ಟದ ಮುಂದೆ ದಿನದ ಐದು ರೂಪಾಯಿ ಯಾವ ಲೆಕ್ಕ?

ಕೊನೆಯದಾಗಿ, ಯೋಜನೆಯನ್ನು ಗೊತ್ತುಮಾಡುವಾಗ ಹಿರಿಯರನ್ನೂ ಒಂದು ಮಾತು ಕೇಳುವುದು ಕರ್ತವ್ಯ. ‘ನನಗೇಕಪ್ಪಾ ಇಷ್ಟು ಖರ್ಚು?’ ಎಂದು ಅವರು ಹೇಳದಿರುವುದಿಲ್ಲ. ‘ಖರ್ಚು ನಿಮಗಾಗಿ ಅಲ್ಲ, ನಮ್ಮ ನೆಮ್ಮದಿಗಾಗಿ’ ಎಂದು ಮಕ್ಕಳು ಉತ್ತರಿಸಿದರೆ ಸಾಕು. ಅದು ಸುಳ್ಳೂ ಅಲ್ಲ.